ನಾಲ್ಕು ಪ್ಯಾಡ್, ಮೂರು ದಪ್ಪ: ಕಾರಿನ ಬ್ರೇಕ್ ಬೇಗ, ಅದೂ ಒಂದೇ ಕಡೆ, ಸವೆಯುವುದೇಕೆ?

ಕಳೆದ ಬೇಸಿಗೆ ರಜೆಯಲ್ಲಿ ಆಗುಂಬೆ ಇಳಿದು ಬಂದ ಮೇಲೆ ನಮ್ಮ ಮನೆಯ ಏಳು ಸೀಟಿನ ಕಾರಿನ ಮುಂಭಾಗದಿಂದ ಕಿರ್ ಎಂಬ ಸದ್ದು ಶುರುವಾಯಿತು. ದಾವಣಗೆರೆಯ ಪಿ.ಬಿ. ರಸ್ತೆಯ ಬದಿಯ ಗ್ಯಾರೇಜೊಂದರಲ್ಲಿ ಮುಂದಿನ ಎರಡೂ ಚಕ್ರಗಳನ್ನು ಬಿಚ್ಚಿ, ಒಳಗಿದ್ದ ನಾಲ್ಕು ಬ್ರೇಕ್ ಪ್ಯಾಡ್‌ಗಳನ್ನು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟರು. ಬಲ ಚಕ್ರದ ಎರಡರಲ್ಲೂ ಸವೆಯುವ ಪದರ ಎಂಟೆಂಟು ಮಿಲಿಮೀಟರ್ ಉಳಿದಿತ್ತು. ಎಡ ಚಕ್ರದ ಹೊರಗಿನ ಪ್ಯಾಡಿನಲ್ಲಿ ಆರು ಇತ್ತು. ಅದೇ ಚಕ್ರದ ಒಳಗಿನ ಪ್ಯಾಡಿನಲ್ಲಿ ಎರಡೂ ತುಂಬಿರಲಿಲ್ಲ. ನಾಲ್ಕನ್ನೂ ಒಂದೇ ದಿನ, ಒಂದೇ ಡಬ್ಬಿಯಿಂದ ತೆಗೆದು ಹಾಕಿಸಿ 22,000 ಕಿ.ಮೀ. ಆಗಿತ್ತು.

"ಪ್ಯಾಡ್ ಮುಗ್ದಾವ್ರೀ ಸರ್, ಹೊಸಾವು ಹಾಕ್ಬಿಡ್ತೀನಿ" ಎಂದು ಹುಡುಗ ಹೊಸ ಡಬ್ಬಿಗೆ ಕೈ ಹಾಕಿದ. ಅವನು ಹೇಳಿದ್ದು ತಪ್ಪೇನಲ್ಲ. ಆದರೆ ಒಂದೇ ಕಾರು, ಒಂದೇ ಪೆಡಲ್, ಒಂದೇ ಪಾದ ಇದ್ದೂ ನಾಲ್ಕು ಪ್ಯಾಡ್‌ಗಳು ಮೂರು ಬಗೆಯಲ್ಲಿ ಸವೆದದ್ದು ಹೇಗೆ ಎಂಬ ಪ್ರಶ್ನೆಗೆ ಹೊಸ ಡಬ್ಬಿಯಲ್ಲಿ ಉತ್ತರ ಇರುವುದಿಲ್ಲ. ಕಾರಣ ಹುಡುಕದೆ ಹೊಸ ಪ್ಯಾಡ್ ಹಾಕಿದರೆ ಅದೂ ಅದೇ ಮೂಲೆಯಲ್ಲಿ, ಅದೇ ರೀತಿಯಲ್ಲಿ ಸವೆಯುತ್ತದೆ. ಉತ್ತರ ಸಿಗುವುದು ಪತ್ರಿಕೆಯ ಮೇಲಿದ್ದ ಹಳೆಯ ಪ್ಯಾಡ್‌ಗಳಲ್ಲೇ. ಅವುಗಳನ್ನು ಓದಲು ಬ್ರೇಕ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು.

ವೇಗ ಎಲ್ಲಿಗೆ ಹೋಗುತ್ತದೆ?

ಓಡುವ ಕಾರಿನಲ್ಲಿ ಶಕ್ತಿ ಇರುತ್ತದೆ. ಕಾರು ನಿಲ್ಲಬೇಕಾದರೆ ಆ ಶಕ್ತಿ ಬೇರೆ ರೂಪ ತಳೆಯಲೇಬೇಕು. ಬ್ರೇಕ್ ಅದನ್ನು ಉಜ್ಜಿ ಉಜ್ಜಿ ಶಾಖವಾಗಿಸುತ್ತದೆ. ಜನರೂ ಸಾಮಾನೂ ಸೇರಿ 1,700 ಕೆ.ಜಿ. ತೂಗುವ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಂತಾಗ ಸುಮಾರು 420 ಕಿಲೋಜೂಲ್ ಶಾಖ ಹುಟ್ಟುತ್ತದೆ. ಒಂದೂಕಾಲು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು, ಅಂದರೆ ಹತ್ತು ಹನ್ನೆರಡು ಜನರ ಚಹಾದ ನೀರಿಗೆ, ಅಷ್ಟು ಶಾಖ ಸಾಕು. ಇದು ಒಂದು ಸಲ ನಿಲ್ಲಿಸಿದ್ದರ ಲೆಕ್ಕ ಮಾತ್ರ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. 40ರಿಂದ ನಿಲ್ಲಿಸುವಾಗ ಬ್ರೇಕಿಗೆ ಬೀಳುವ ಹೊರೆಯ ನಾಲ್ಕರಷ್ಟು 80ರಿಂದ ನಿಲ್ಲಿಸುವಾಗ ಬೀಳುತ್ತದೆ. ಪ್ಯಾಡ್ ಕಾದಷ್ಟೂ ಅದರ ಪದರ ಬೇಗ ಸವೆಯುವುದರಿಂದ, ಬ್ರೇಕಿನ ಆಯುಷ್ಯವನ್ನು ನಿರ್ಧರಿಸುವುದು ಓಡಿದ ಕಿಲೋಮೀಟರ್‌ಗಿಂತ ಹೆಚ್ಚಾಗಿ ಎಷ್ಟು ಸಲ, ಎಷ್ಟು ವೇಗದಿಂದ, ಎಷ್ಟು ತೂಕ ಹೊತ್ತು ನಿಲ್ಲಿಸಿದಿರಿ ಎಂಬುದು.

ಚಕ್ರದೊಳಗೆ ಇರುವುದೇನು?

ಸೈಕಲ್ಲಿನ ಬ್ರೇಕನ್ನು ನೆನಪಿಸಿಕೊಳ್ಳಿ. ಹಿಡಿಯನ್ನು ಒತ್ತಿದರೆ ಎರಡು ರಬ್ಬರ್ ಕಟ್ಟೆಗಳು ರಿಮ್ಮನ್ನು ಎರಡೂ ಕಡೆಯಿಂದ ಅಮುಕುತ್ತವೆ. ಕಾರಿನ ಮುಂದಿನ ಚಕ್ರದಲ್ಲಿ ನಡೆಯುವುದೂ ಇದೇ. ರಿಮ್ಮಿನ ಬದಲು ಚಕ್ರದ ಜೊತೆಗೇ ತಿರುಗುವ ಎರಕದ ಕಬ್ಬಿಣದ ತಟ್ಟೆ ಇರುತ್ತದೆ; ಅದು ಡಿಸ್ಕ್. ರಬ್ಬರ್ ಕಟ್ಟೆಯ ಜಾಗದಲ್ಲಿ ಉಕ್ಕಿನ ಹಲಗೆಗೆ ಅಂಟಿಸಿದ ಗಡಸು ಪದರ ಇರುತ್ತದೆ; ಅದು ಪ್ಯಾಡ್. ಡಿಸ್ಕಿನ ಒಳಬದಿಗೆ ಒಂದು, ಹೊರಬದಿಗೆ ಒಂದು ಪ್ಯಾಡ್ ಇರುತ್ತದೆ. ಎರಡನ್ನೂ ಹಿಡಿದು ಒತ್ತುವ ಇಕ್ಕಳದಂಥ ಭಾಗಕ್ಕೆ ಕ್ಯಾಲಿಪರ್ ಎಂದು ಹೆಸರು.

ನಮ್ಮ ಬಹುತೇಕ ಕುಟುಂಬದ ಕಾರುಗಳಲ್ಲಿ ಈ ಇಕ್ಕಳಕ್ಕೆ ಒಂದೇ ಕಡೆ, ಅಂದರೆ ಒಳಬದಿಯಲ್ಲಿ ಮಾತ್ರ, ಪಿಸ್ಟನ್ ಇರುತ್ತದೆ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ಹೊರದೂಡುತ್ತದೆ. ಪಿಸ್ಟನ್ ಒಳ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅಲ್ಲಿಂದ ಮುಂದೆ ಹೋಗಲು ದಾರಿಯಿಲ್ಲದ್ದರಿಂದ ಕ್ಯಾಲಿಪರೇ ಹಿಂದಕ್ಕೆ ಸರಿದು ಹೊರ ಪ್ಯಾಡನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಹೀಗೆ ಸರಿಯಲು ಅದಕ್ಕೆ ಎರಡು ನುಣುಪಾದ ಕಡ್ಡಿಗಳ ಆಸರೆಯಿದೆ. ಮೆಕ್ಯಾನಿಕ್‌ಗಳು ಅವನ್ನು ಗೈಡ್ ಪಿನ್ ಎನ್ನುತ್ತಾರೆ.

ಪಾದ ತೆಗೆದಾಗ ಪಿಸ್ಟನ್ ಹಿಂದೆ ಸರಿಯುವುದು ಹೇಗೆ? ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಚೌಕ ಅಂಚಿನ ಒಂದು ರಬ್ಬರ್ ಉಂಗುರವಿದೆ, ಅಷ್ಟೆ. ಬೆರಳ ತುದಿಯನ್ನು ಮೇಜಿಗೆ ಒತ್ತಿ, ಜಾರಗೊಡದೆ ತುಸು ಮುಂದಕ್ಕೆ ತಳ್ಳಿ ನೋಡಿ: ಚರ್ಮ ಎಳೆದುಕೊಳ್ಳುತ್ತದೆ, ಬಲ ಬಿಟ್ಟೊಡನೆ ಬೆರಳನ್ನು ಹಿಂದಕ್ಕೆ ತರುತ್ತದೆ. ರಬ್ಬರ್ ಉಂಗುರವೂ ಹಾಗೆಯೇ ಬಾಗಿ, ಪಿಸ್ಟನ್ನನ್ನು ಒಂದು ಮಿಲಿಮೀಟರಿನ ಸಣ್ಣ ಭಾಗದಷ್ಟು ಹಿಂದಕ್ಕೆ ಎಳೆಯುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಇಷ್ಟು ಸಣ್ಣ ಅಂತರದ ಮೇಲೆ ಎಂದು ತಿಳಿದ ದಿನ ನನಗೆ ಆಶ್ಚರ್ಯವಾಗಿತ್ತು. ತುಕ್ಕಿನ ಒಂದು ಗುಳ್ಳೆ, ಒಣಗಿದ ಗ್ರೀಸಿನ ಒಂದು ಪೊರೆ ಆ ಅಂತರವನ್ನು ನುಂಗಿದರೆ ಪ್ಯಾಡ್ ಡಿಸ್ಕಿಗೆ ತಾಗಿಕೊಂಡೇ ಉಳಿಯುತ್ತದೆ. ಬ್ರೇಕ್ ಒತ್ತದಿದ್ದರೂ ಸವೆತ ನಡೆದೇ ಇರುತ್ತದೆ.

ಎಷ್ಟು ಸವೆತ ಸಹಜ?

ಹೊಸ ಪ್ಯಾಡಿನಲ್ಲಿ ಸವೆಯುವ ಪದರ ಸಾಮಾನ್ಯವಾಗಿ 9ರಿಂದ 12 ಮಿ.ಮೀ. ದಪ್ಪವಿರುತ್ತದೆ. ಹಿಂಬದಿಯ ಉಕ್ಕಿನ ಹಲಗೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಪದರ 3 ಮಿ.ಮೀ.ಗೆ ಇಳಿದಾಗ ಬದಲಾಯಿಸುವುದು ಜಾಣತನ. ಹಲವು ಪ್ಯಾಡ್‌ಗಳಿಗೆ ಒಂದು ತಗಡಿನ ನಾಲಗೆ ಇರುತ್ತದೆ. ಪದರ ತೀರಾ ತೆಳುವಾದಾಗ ಅದು ಡಿಸ್ಕಿಗೆ ತಾಗಿ ಕಿರ್ ಎನ್ನುತ್ತದೆ. ನಾವು ಕೇಳಿದ್ದು ಅದೇ ಸದ್ದು. ಅದನ್ನೂ ಕಡೆಗಣಿಸಿದರೆ ಮುಂದೆ ಕೇಳಿಸುವುದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು. ಆಗ ಡಿಸ್ಕೂ ಹಾಳಾಗುತ್ತದೆ.

ಮುಂದಿನ ಪ್ಯಾಡ್ ಹಿಂದಿನದಕ್ಕಿಂತ ಬೇಗ ಸವೆದರೆ ಗಾಬರಿ ಬೇಡ. ಬ್ರೇಕ್ ಹಾಕಿದಾಗ ಕಾರು ಮೂಗು ತಗ್ಗಿಸುತ್ತದೆ, ತೂಕ ಮುಂದಕ್ಕೆ ಬರುತ್ತದೆ. ಆದ್ದರಿಂದ ನಿಲ್ಲಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕೂ ಹೆಚ್ಚು ಮುಂದಿನ ಚಕ್ರಗಳದ್ದೇ. ಅನುಮಾನ ಪಡಬೇಕಾದದ್ದು ಎಡಕ್ಕೂ ಬಲಕ್ಕೂ ವ್ಯತ್ಯಾಸ ಕಂಡಾಗ, ಅಥವಾ ಒಂದೇ ಚಕ್ರದ ಒಳಕ್ಕೂ ಹೊರಕ್ಕೂ ವ್ಯತ್ಯಾಸ ಕಂಡಾಗ. ಅರ್ಧ ಮಿಲಿಮೀಟರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ಮಿಲಿಮೀಟರ್ ಆದರೆ ಕಾರಣ ಕೇಳಲೇಬೇಕು.

ಯಾವ ಪ್ಯಾಡ್, ಯಾವ ಅಂಚು?

ಒಳಗಿನ ಪ್ಯಾಡ್ ಹೆಚ್ಚು ಸವೆದು ಹೊರಗಿನದು ಉಳಿದಿದ್ದರೆ ಮೊದಲ ಸಂಶಯ ಪಿಸ್ಟನ್ನಿನ ಮೇಲೆ ಬೀಳಬೇಕು. ಪಿಸ್ಟನ್ನಿಗೆ ಧೂಳು ಹೋಗದಂತೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಟೋಪಿ ಇರುತ್ತದೆ. ಅದು ಹರಿದರೆ ನೀರೂ ಮಣ್ಣೂ ಒಳಸೇರಿ ತುಕ್ಕು ಹುಟ್ಟುತ್ತದೆ. ಒತ್ತಿದಾಗ ಮುಂದೆ ಹೋದ ಪಿಸ್ಟನ್ ಹಿಂದೆ ಬರಲು ಮೊಂಡಾಟ ಮಾಡುತ್ತದೆ. ಆಯಿಲ್ ಒತ್ತಡಕ್ಕೆ ಇರುವ ಬಲ ರಬ್ಬರ್ ಉಂಗುರಕ್ಕೆ ಇಲ್ಲವಲ್ಲ. ಗೈಡ್ ಪಿನ್ ಎರಡೂ ಹಿಡಿದುಕೊಂಡಾಗಲೂ ಒಳ ಪ್ಯಾಡೇ ಹೆಚ್ಚು ಸವೆಯುವುದುಂಟು: ಕ್ಯಾಲಿಪರ್ ಸರಿಯದೆ ಹೊರ ಪ್ಯಾಡಿಗೆ ಕೆಲಸವೇ ತಲುಪುವುದಿಲ್ಲ, ಪಿಸ್ಟನ್ನಿನ ಎದುರಿಗಿರುವ ಪ್ಯಾಡ್ ಒಂಟಿಯಾಗಿ ದುಡಿಯುತ್ತದೆ.

ಹೊರಗಿನ ಪ್ಯಾಡ್ ಮಾತ್ರ ಸವೆದಿದ್ದರೆ ಪಿಸ್ಟನ್ನನ್ನು ಬಿಟ್ಟು ನೇರವಾಗಿ ಗೈಡ್ ಪಿನ್ ನೋಡಬೇಕು. ಇಲ್ಲಿ ಕ್ಯಾಲಿಪರ್ ಸರಿದು ಬಂದಿದೆ, ಮರಳಿ ಹೋಗಿಲ್ಲ. ಹೊರ ಪ್ಯಾಡ್ ಡಿಸ್ಕಿಗೆ ಅಂಟಿಕೊಂಡೇ ಓಡುತ್ತದೆ. ಪಿನ್ನಿನ ಗ್ರೀಸ್ ಒಣಗಿರುವುದು, ಅಥವಾ ಹಿಂದಿನ ಸಲ ಯಾರೋ ಚಕ್ರದ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನೇ ಅಲ್ಲೂ ಬಳಿದಿರುವುದು ಇದಕ್ಕೆ ಸಾಮಾನ್ಯ ಕಾರಣ. ಪೆಟ್ರೋಲಿಯಂ ಮೂಲದ ಗ್ರೀಸ್ ತಾಗಿದರೆ ಬ್ರೇಕಿನ ರಬ್ಬರ್ ಉಬ್ಬುತ್ತದೆ, ಉಬ್ಬಿದ ರಬ್ಬರ್ ಪಿನ್ನನ್ನು ಬಿಗಿಹಿಡಿಯುತ್ತದೆ. ಇಲ್ಲಿಗೆ ಬೇಕಾದದ್ದು ಬ್ರೇಕಿಗೆಂದೇ ಇರುವ ಸಿಲಿಕೋನ್ ಅಥವಾ ಸಿಂಥೆಟಿಕ್ ಗ್ರೀಸ್.

ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿ ಬೆಣೆಯಂತೆ ಸವೆದಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದಿದೆ, ಇನ್ನೊಂದು ಓಡಾಡುತ್ತಿದೆ ಎಂದು ತಿಳಿಯಬಹುದು. ಒಂದು ಗಾಲಿ ಸಿಕ್ಕಿಕೊಂಡ ಜಾರುಬಾಗಿಲು ಓರೆಯಾಗಿ ನಿಲ್ಲುವಂತೆ ಕ್ಯಾಲಿಪರ್ ಓರೆಯಾಗಿ ಒತ್ತಿದೆ. ಪ್ಯಾಡ್ ಕೂರುವ ತಗಡಿನ ಕ್ಲಿಪ್‌ಗಳ ಹಿಂದೆ ತುಕ್ಕು ಬೆಳೆದು ಪ್ಯಾಡಿನ ಕಿವಿಯನ್ನು, ಅಂದರೆ ತುದಿಯಲ್ಲಿ ಚಾಚಿದ ಭಾಗವನ್ನು, ಬಿಗಿದಾಗಲೂ ಹೀಗಾಗುತ್ತದೆ.

ದಪ್ಪದ ಜೊತೆಗೆ ಮೇಲ್ಮೈಯನ್ನೂ ನೋಡಬೇಕು. ಕನ್ನಡಿಯಂತೆ ಹೊಳೆಯುವ, ಅಂಚಿನಲ್ಲಿ ಬಿರುಕು ಬಿಟ್ಟ ಪದರ ವಿಪರೀತ ಕಾದದ್ದರ ಗುರುತು. ಉದ್ದಕ್ಕೂ ಗೀರುಗಳಿದ್ದರೆ ಮರಳೋ ಕಲ್ಲುಪುಡಿಯೋ ನಡುವೆ ಸಿಕ್ಕಿದೆ.

ಒಂದು ಬದಿಯ ಚಕ್ರ ಮಾತ್ರ ಕಾಯುತ್ತಿದ್ದರೆ

ಒಂದು ಚಕ್ರದ ಎರಡೂ ಪ್ಯಾಡ್ ಬೇಗ ಸವೆದು, ಎದುರು ಬದಿಯವು ಚೆನ್ನಾಗಿಯೇ ಇದ್ದರೆ ಪಿಸ್ಟನ್, ಪಿನ್ ಎರಡರ ಜೊತೆಗೆ ಮೂರನೆಯ ಆರೋಪಿಯೊಬ್ಬನಿದ್ದಾನೆ: ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್. ಹಳೆಯ ಹೋಸ್ ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಒಳಪದರ ಕಿತ್ತು ತೊಗಟೆಯಂತೆ ತೂಗಾಡುತ್ತಿರಬಹುದು. ಹಳೆಯ ಸೈಕಲ್ಲುಗಳ ವಾಲ್‌ಟ್ಯೂಬ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಂಪು ಹೊಡೆದರೆ ಗಾಳಿ ಒಳಹೋಗುತ್ತದೆ, ಮರಳಿ ಬರುವುದಿಲ್ಲ. ಪೆಡಲಿನ ಬಲಕ್ಕೆ ಆಯಿಲ್ ಮುಂದೆ ನುಗ್ಗುತ್ತದೆ, ಪಾದ ತೆಗೆದರೆ ಆ ತೊಗಟೆ ಅಡ್ಡ ಬಂದು ಒತ್ತಡ ಅಲ್ಲೇ ಉಳಿಯುತ್ತದೆ.

ಮೂವರಲ್ಲಿ ಯಾರು ಎಂದು ತಿಳಿಯಲು ಗ್ಯಾರೇಜಿನಲ್ಲಿ ಐದು ನಿಮಿಷದ ಪರೀಕ್ಷೆ ಸಾಕು. ಚಕ್ರವನ್ನು ಎತ್ತಿ, ಬ್ರೇಕ್ ಒತ್ತಿ ಬಿಟ್ಟು, ಕೈಯಿಂದ ತಿರುಗಿಸಬೇಕು. ಬಿಗಿಯಾಗಿದ್ದರೆ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ಲನ್ನು ತುಸು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತು ಎಂದರ್ಥ. ತಪ್ಪು ಹೋಸ್‌ನದು ಅಥವಾ ಇನ್ನೂ ಮೇಲಿನ, ಪೆಡಲಿನ ಬಲವನ್ನು ಆಯಿಲ್ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರಿನದು. ಮಾಸ್ಟರ್ ಸಿಲಿಂಡರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಚಕ್ರಗಳು ಬಿಗಿಯುತ್ತವೆ. ನಿಪ್ಪಲ್ ಸಡಿಲಿಸಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಪಿನ್ ಹಿಡಿದಿದೆ. ಈ ಪರೀಕ್ಷೆ ಮಾಡದೆ ಅಂದಾಜಿನಲ್ಲಿ ಇಡೀ ಕ್ಯಾಲಿಪರನ್ನೇ ಬದಲಿಸಿ, ಹಳೆಯ ಹೋಸನ್ನು ಅದಕ್ಕೇ ಜೋಡಿಸಿ ಕಳಿಸಿದರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಹಿಂದಿನ ಡ್ರಮ್ ಸುಮ್ಮನಿದ್ದರೆ

ಮುಂದಿನ ನಾಲ್ಕೂ ಪ್ಯಾಡ್ ಸಮನಾಗಿ, ಆದರೆ ಅವಧಿಗೆ ಬಹಳ ಮೊದಲೇ ಮುಗಿದಿದ್ದರೆ ಹಿಂದಕ್ಕೆ ತಿರುಗಿ ನೋಡಬೇಕು. ನಮ್ಮ ಹೆಚ್ಚಿನ ಕಾರುಗಳ ಹಿಂಚಕ್ರದಲ್ಲಿ ಇರುವುದು ಡ್ರಮ್ ಬ್ರೇಕ್. ಪಾತ್ರೆಯಂಥ ಡ್ರಮ್ಮಿನೊಳಗೆ ಎರಡು ಬಾಗಿದ ಶೂಗಳು ಹಿಗ್ಗಿ ಅದರ ಗೋಡೆಗೆ ಉಜ್ಜುತ್ತವೆ; ಗ್ಯಾರೇಜಿನ ಭಾಷೆಯಲ್ಲಿ ಇವಕ್ಕೆ ಲೈನರ್ ಎಂದೂ ಹೆಸರು. ಶೂ ಸವೆದಂತೆ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಅಡ್ಜಸ್ಟರ್ ಧೂಳು ತುಂಬಿ ನಿಂತುಹೋದರೆ ಹಿಂದಿನ ಬ್ರೇಕ್ ಹೆಸರಿಗಷ್ಟೇ ಉಳಿಯುತ್ತದೆ. ಅದರ ಪಾಲಿನ ಕೆಲಸವೂ ಮುಂದಿನದರ ಮೇಲೆ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಮೊದಲು ಆರು ಬಾರಿ ಕಟ್ ಕಟ್ ಎಂದಾಗ ಬಿಗಿಯಾಗುತ್ತಿದ್ದುದು ಈಗ ಹತ್ತು ಹನ್ನೊಂದಕ್ಕೆ ಹೋಗಿದ್ದರೆ, ಪೆಡಲೂ ಹೆಚ್ಚು ಆಳಕ್ಕೆ ಇಳಿಯುತ್ತಿದ್ದರೆ ಇದೇ ಕಾರಣವಿರಬಹುದು.

ತದ್ವಿರುದ್ಧವೂ ಉಂಟು. ಹ್ಯಾಂಡ್ ಬ್ರೇಕಿನ ಕೇಬಲ್ ತುಕ್ಕು ಹಿಡಿದು ಪೂರ್ತಿ ಸಡಿಲವಾಗದಿದ್ದರೆ ಹಿಂದಿನ ಶೂಗಳು ಸದಾ ಉಜ್ಜುತ್ತಿರುತ್ತವೆ. ಕಾರು ತೊಳೆಸಿ ತಂದು, ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಒದ್ದೆ ಶೂ ಡ್ರಮ್ಮಿಗೆ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ಸಮತಟ್ಟಾದ ಜಾಗದಲ್ಲಿ ಬಹು ದಿನ ನಿಲ್ಲಿಸುವುದಾದರೆ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಡುವುದೇ ಮೇಲು.

ನಮ್ಮ ರಸ್ತೆ, ನಮ್ಮ ಮಣ್ಣು

ಚಿತ್ರದುರ್ಗಕ್ಕೂ ದಾವಣಗೆರೆಗೂ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 60 ಕಿ.ಮೀ. ದೂರ. ಬೆಳಗಿನ ಹೊತ್ತು ಈ ದಾರಿಯನ್ನು ಬೆರಳೆಣಿಕೆಯಷ್ಟು ಸಲ ಬ್ರೇಕ್ ಒತ್ತಿ ಮುಗಿಸಬಹುದು. ಅದೇ 60 ಕಿ.ಮೀ.ಯನ್ನು ದಾವಣಗೆರೆಯ ಅಶೋಕ ರಸ್ತೆ, ಮಂಡಿಪೇಟೆಗಳ ಸಂದಣಿಯಲ್ಲಿ ಸುತ್ತಿ ಓಡಿಸಿದರೆ ಬ್ರೇಕ್ ನೂರಾರು ಸಲ ದುಡಿಯುತ್ತದೆ. ದಿನವೂ ದುರ್ಗಕ್ಕೆ ಹೋಗಿಬರುವವರ ಪ್ಯಾಡ್ 50 ಸಾವಿರ ಕಿ.ಮೀ. ಬಾಳಿ, ಊರೊಳಗೇ ಓಡಾಡುವವರದು 30 ಸಾವಿರಕ್ಕೆ ಮುಗಿದರೆ ಯಾವ ದೋಷವೂ ಇರಬೇಕಿಲ್ಲ. ಪಕ್ಕದ ಮನೆಯವರ ಕಾರಿನ ಕಿಲೋಮೀಟರ್ ಲೆಕ್ಕದೊಂದಿಗೆ ನಮ್ಮದನ್ನು ಹೋಲಿಸುವುದು ಬಹುಮಟ್ಟಿಗೆ ವ್ಯರ್ಥ.

ಮಣ್ಣಿನ ಪಾಲೂ ಇದೆ. ಹರಿಹರ, ದಾವಣಗೆರೆ ಕಡೆಯ ಭದ್ರಾ ನಾಲೆಯ ಬದಿಯ ದಾರಿಗಳಲ್ಲಿ ಗದ್ದೆಯ ಕೆಸರು, ಜಗಳೂರು, ಚಿತ್ರದುರ್ಗದ ಕಡೆ ಮಳೆಗಾಲದಲ್ಲಿ ಅಂಟಿನಂತೆ ಹಿಡಿಯುವ ಎರೆಮಣ್ಣು. ಇದು ಕ್ಯಾಲಿಪರಿನ ಸಂದಿಯಲ್ಲಿ ಕೂತು ಒಣಗಿದರೆ ಗಟ್ಟಿಯಾದ ಹೆಂಟೆಯಾಗುತ್ತದೆ, ರಬ್ಬರ್ ಟೋಪಿಯ ಮಡಿಕೆಗಳನ್ನು ಕೊರೆಯುತ್ತದೆ. ಹೊಲಕ್ಕೆ ಕಾರಿನಲ್ಲೇ ಹೋಗಿಬರುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ಚಕ್ರ ಬಿಚ್ಚಿಸಿ ತೊಳೆಸುವುದು ಒಳ್ಳೆಯದು. ತೊಳೆಸುವಾಗ ಡಿಸ್ಕ್ ತಣ್ಣಗಿರಲಿ.

ಮೂರನೆಯದು ಚಾಲಕರ ಪಾದ. ಓಡುವಾಗ ಪೆಡಲಿನ ಮೇಲೆ ಪಾದ ಊರಿಕೊಂಡೇ ಇರುವವರ ಪ್ಯಾಡ್‌ಗಳು ನಾಲ್ಕೂ ಸಮನಾಗಿ, ಬೇಗ ಸವೆಯುತ್ತವೆ. ಏಳು ಜನರನ್ನೂ ಧರ್ಮಸ್ಥಳಕ್ಕೆ ಬೇಕಾದ ಗಂಟುಮೂಟೆಯನ್ನೂ ಹೇರಿಕೊಂಡು ಆಗುಂಬೆಯ 14 ತಿರುವುಗಳನ್ನೋ, ಹತ್ತಿರದ ಜೋಗಿಮಟ್ಟಿಯ ಇಳಿಜಾರನ್ನೋ ಬ್ರೇಕ್ ಒತ್ತಿಕೊಂಡೇ ಇಳಿದರೆ ತಣಿಯಲು ಅವಕಾಶವಿಲ್ಲದೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರಲು ಬಳಸಿದ ಗೇರನ್ನೇ ಇಳಿಯಲೂ ಹಾಕಿ ಎಂಜಿನ್ನಿನಿಂದಲೇ ವೇಗವನ್ನು ಹಿಡಿತದಲ್ಲಿಡಬೇಕು. ಬ್ರೇಕನ್ನು ಒತ್ತಿ, ಬಿಟ್ಟು, ಒತ್ತಬೇಕು. ಇಲ್ಲಿ ಬ್ರೇಕ್ ಆಯಿಲ್ಲಿನ ವಯಸ್ಸೂ ಮುಖ್ಯವಾಗುತ್ತದೆ. ಆಯಿಲ್ ಎಂದು ಕರೆದರೂ ಅದು ಎಣ್ಣೆಯ ಜಾತಿಯದಲ್ಲ, ಗಾಳಿಯ ತೇವವನ್ನು ಹೀರುವ ದ್ರವ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದು ಗುಳ್ಳೆ ಬಂದರೆ ಪೆಡಲ್ ಹತ್ತಿಯ ಮೇಲೆ ಪಾದವಿಟ್ಟಂತೆ ಇಳಿದುಹೋಗುತ್ತದೆ. ಒಳಗಿನ ಪಿಸ್ಟನ್ನಿಗೆ ತುಕ್ಕು ಹಿಡಿಸುವುದೂ ಇದೇ ತೇವ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿಯಲ್ಲಿರುವ ಲೆಕ್ಕ.

ಬಿಚ್ಚದೆಯೇ ತಿಳಿಯಬಹುದಾದದ್ದು

ಹತ್ತು ಹದಿನೈದು ಕಿ.ಮೀ. ಓಡಿಸಿ, ಕೊನೆಯಲ್ಲಿ ಆದಷ್ಟು ಬ್ರೇಕ್ ಒತ್ತದೆ ನಿಲ್ಲಿಸಿ, ನಾಲ್ಕೂ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಟ್ಟೀತು. ರಿಮ್ಮಿನ ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಒಲೆಯಂತೆ ಝಳ ಬೀರುತ್ತಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಅಥವಾ ಆ ಚಕ್ರದ ರಿಮ್ಮಿನ ಮೇಲೆ ಉಳಿದವಕ್ಕಿಂತ ಹೆಚ್ಚು ಕಪ್ಪು ಪುಡಿ ಕೂತಿದ್ದರೆ ಅಲ್ಲಿ ಬ್ರೇಕ್ ಹಿಡಿದೇ ಇದೆ. ಬ್ರೇಕ್ ಒತ್ತಿದಾಗ ಕಾರು ಒಂದು ಕಡೆಗೆ ಎಳೆದರೆ ಎಳೆದ ಬದಿಯ ಬ್ರೇಕ್ ಹೆಚ್ಚು ಹಿಡಿಯುತ್ತಿದೆ, ಅಥವಾ ಎದುರು ಬದಿಯದು ಹಿಡಿಯುತ್ತಲೇ ಇಲ್ಲ.

ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯನ್ನೂ ನೋಡಿ. ಪ್ಯಾಡ್ ತೆಳುವಾದಷ್ಟು ಪಿಸ್ಟನ್ ಹೊರಬಂದು ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುವುದರಿಂದ ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತದೆ. ಸೋರಿಕೆ ಇಲ್ಲದೆ ಮಟ್ಟ ಇಳಿದಿದ್ದರೆ ಪ್ಯಾಡ್ ನೋಡಿಸಬೇಕು. ಸುಮ್ಮನೆ ಮೇಲಿಂದ ಸುರಿದು ತುಂಬಿಸಿದರೆ ಆ ಸೂಚನೆಯೇ ಅಳಿಸಿಹೋಗುತ್ತದೆ. ಮಟ್ಟ ದಿಢೀರನೆ ಇಳಿದರೆ ಸೋರಿಕೆಯಿದೆ, ಆಗ ಕಾರು ಓಡಿಸಬಾರದು. ಚಕ್ರದ ಕಿಂಡಿಯಿಂದ ಮೊಬೈಲ್ ಟಾರ್ಚ್ ಬಿಟ್ಟರೆ ಹೊರ ಪ್ಯಾಡ್ ಕಾಣುತ್ತದೆ, ಒಳಗಿನದು ಹೆಚ್ಚಾಗಿ ಕಾಣುವುದಿಲ್ಲ. ನಾನು ಮೋಸ ಹೋದದ್ದು ಇಲ್ಲೇ. ಆಗುಂಬೆಗೆ ಹೊರಡುವ ಹಿಂದಿನ ಸಂಜೆ ಟಾರ್ಚ್ ಬಿಟ್ಟು ಆರು ಮಿಲಿಮೀಟರಿನ ಹೊರ ಪ್ಯಾಡ್ ಕಂಡು ಸಮಾಧಾನಪಟ್ಟಿದ್ದೆ.

ಗ್ಯಾರೇಜಿನಲ್ಲಿ

ಪ್ಯಾಡನ್ನು ಒಂದೇ ಚಕ್ರಕ್ಕೆ ಬದಲಿಸುವಂತಿಲ್ಲ. ಮುಂದಿನ ಎರಡೂ ಚಕ್ರಗಳಿಗೆ ಒಟ್ಟಿಗೆ ಹಾಕಬೇಕು, ಇಲ್ಲವಾದರೆ ಎರಡು ಬದಿಯ ಹಿಡಿತ ಬೇರೆಯಾಗಿ ಕಾರು ಎಳೆಯುತ್ತದೆ. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಲೇಥಿಗೆ ಕೊಟ್ಟು ಉಜ್ಜಿಸುವ ಮೊದಲು ಅಳತೆ ತೆಗೆಸಿ, ಉಜ್ಜಿದ ಮೇಲೂ ಆ ದಪ್ಪ ಉಳಿಯುತ್ತದೆಯೇ ಎಂದು ಕೇಳಬೇಕು. ಬ್ರೇಕಿನ ಪುಡಿಯನ್ನು ಗಾಳಿ ಪೈಪಿನಿಂದ ಊದಿಸಲು ಬಿಡಬೇಡಿ. ಅದು ಊದುವವನ ಎದೆಗೂ ಪಕ್ಕದಲ್ಲಿ ನಿಂತವರ ಎದೆಗೂ ಹೋಗುತ್ತದೆ. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಸಾಕು.

ನಮ್ಮ ಕಾರಿಗೆ ಮರಳಿದರೆ, ಎಡ ಚಕ್ರದ ಗೈಡ್ ಪಿನ್ ಎರಡೂ ಬೆರಳಿನಿಂದ ತಳ್ಳಿದರೆ ಸರಾಗವಾಗಿ ಓಡಾಡುತ್ತಿದ್ದವು. ನಿಪ್ಪಲ್ ಸಡಿಲಿಸಿದಾಗ ಚಕ್ರ ಸಡಿಲವಾಗಲಿಲ್ಲ. ಹಾಗಾಗಿ ಉಳಿದದ್ದು ಪಿಸ್ಟನ್. ಗ್ಯಾರೇಜಿನ ಯಜಮಾನರು ಸಿ-ಕ್ಲ್ಯಾಂಪ್ ಎಂಬ ತಿರುಪಿನ ಸಾಧನ ಹಾಕಿ, ಪಿಸ್ಟನ್ನನ್ನು ಒಳಕ್ಕೆ ಒತ್ತಲು ತಿರುಗಿಸಿದರು. ಬಲಗಡೆಯದು ಬೆಣ್ಣೆಯಂತೆ ಒಳಸರಿದರೆ, ಎಡಗಡೆಯದು ಕಿರುಗುಟ್ಟುತ್ತ, ಎರಡು ಕಡೆ ತಡೆದು ನಿಂತು ಒಳಹೋಯಿತು. ಬಿಚ್ಚಿ ನೋಡಿದಾಗ ರಬ್ಬರ್ ಟೋಪಿಯ ಕೆಳಗಂಚು ಉಗುರಿನಷ್ಟು ಹರಿದಿತ್ತು, ಮಡಿಕೆಯೊಳಗೆ ಎರೆಮಣ್ಣು ಕಾಡಿಗೆಯಂತೆ ಮೆತ್ತಿತ್ತು, ಪಿಸ್ಟನ್ನಿನ ಹೊಳಪಿನ ಮೇಲೆ ಸಾಸಿವೆ ಗಾತ್ರದ ತುಕ್ಕಿನ ಕುಳಿಗಳಿದ್ದವು. ಉಪ್ಪುಕಾಗದದಿಂದ ಉಜ್ಜಿ ಮತ್ತೆ ಹಾಕೋಣವೇ ಎಂದು ಹುಡುಗ ಕೇಳಿದ. ಯಜಮಾನರು ಬೇಡವೆಂದರು, ಏಕೆಂದರೆ ಕುಳಿ ಬಿದ್ದ ಪಿಸ್ಟನ್ ಹೊಸ ರಬ್ಬರ್ ಉಂಗುರವನ್ನೂ ಕೆಲವೇ ತಿಂಗಳಲ್ಲಿ ಕೊರೆದುಹಾಕುತ್ತದೆ. ಹೊಸ ಪಿಸ್ಟನ್, ರಬ್ಬರ್ ಕಿಟ್, ಹೊಸ ಆಯಿಲ್, ಎರಡೂ ಬದಿಗೆ ಹೊಸ ಪ್ಯಾಡ್ ಹಾಕಿದರು. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ಮೊದಲ ಇನ್ನೂರು ಮುನ್ನೂರು ಕಿ.ಮೀ. ಜೋರಾಗಿ ಬ್ರೇಕ್ ಒತ್ತದಂತೆ ಹೇಳಿ ಕಳಿಸಿದರು. ಐದು ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಚಕ್ರ ಬಿಚ್ಚಿಸಿ, ಈ ಸಲ ಒಳಗಿನದನ್ನೂ ಅಳೆಸಿದೆ. ನಾಲ್ಕು ಪ್ಯಾಡ್‌ಗಳ ನಡುವೆ ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇರಲಿಲ್ಲ.